ಏರಿಳಿತದ ಪಾಠ: ಬಳ್ಳಾರಿ ಪ್ರಯೋಗ ಮತ್ತು ಮನಃಸ್ಥಿತಿಯ ಕಾಯಿಲೆಗಳ ಬೋಧನೆ

ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ತಾಲ್ಲೂಕುಗಳು 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ತನ್ನ ಜಿಲ್ಲಾ ಮಾನಸಿಕ ಆರೋಗ್ಯ ಪ್ರಯೋಗಕ್ಕೆ ಆ ಹೊತ್ತಿನಲ್ಲಿ ಆರಿಸಿಕೊಂಡದ್ದು ಈ ಜಿಲ್ಲೆಯನ್ನು. 1996ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ರಾಷ್ಟ್ರವ್ಯಾಪಿ ಕಾರ್ಯಕ್ರಮಕ್ಕೆ 'ಬಳ್ಳಾರಿ ಮಾದರಿ'ಯೇ ತಳಹದಿ. ಈ ಪ್ರಯೋಗವನ್ನು ಚಿಕಿತ್ಸೆಯ ಚರಿತ್ರೆಯೆಂದೇ ಬರೆಯುತ್ತಾ ಬಂದಿದ್ದಾರೆ. ನನಗದು ಮೊದಲು ಪಾಠದ ಚರಿತ್ರೆ.

ಇಲ್ಲಿನ ಮೊದಲ ವಿದ್ಯಾರ್ಥಿಗಳು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಮತ್ತು ಮನೆಮನೆ ಸುತ್ತುವ ಆರೋಗ್ಯ ಕಾರ್ಯಕರ್ತರು. 1970ರ ದಶಕದಲ್ಲಿ ಬೆಂಗಳೂರಿನ ಹೊರಗಿನ ಸಕಲವಾರದಲ್ಲಿ ನಿಮ್ಹಾನ್ಸ್‌ನ ಮನೋವೈದ್ಯರಾದ ಮೋಹನ್ ಐಸಾಕ್, ಸಿ.ಆರ್. ಚಂದ್ರಶೇಖರ್ ಮೊದಲಾದವರ ಕೈಯಲ್ಲಿ ಪಳಗಿದ ಪಾಠಕ್ರಮವದು. ಮನೋವೈದ್ಯರಲ್ಲದವರೂ ಕಣ್ಣಿಗೆ ಕಾಣುವ ಲಕ್ಷಣದಿಂದ ಕಾಯಿಲೆ ಗುರುತಿಸಬೇಕು, ಕೆಲವೇ ಔಷಧಿಗಳಲ್ಲಿ ಚಿಕಿತ್ಸೆ ನಡೆಸಬೇಕು ಎಂಬುದು ಅದರ ಸೂತ್ರ. ಸೂತ್ರ ಸರಳ, ಆದರೆ ಮನಃಸ್ಥಿತಿಯ ಕಾಯಿಲೆಯ ಮುಂದೆ ಅದು ತಡವರಿಸುತ್ತದೆ. ನಿದ್ದೆಗೆಟ್ಟು ಬೀದಿಯಲ್ಲಿ ಭಾಷಣ ಮಾಡುವವನು, ಸಾಲ ತಂದು ದಾನ ಮಾಡುವವನು ಊರಿಗೆಲ್ಲ ಕಾಣುತ್ತಾನೆ. ಅವನೇ ಮುಂದೆ ಮೂಲೆ ಹಿಡಿದು ಮಲಗಿದಾಗ 'ಈಗ ತಣ್ಣಗಾದ' ಎಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ; ಅದೂ ಅದೇ ಕಾಯಿಲೆ ಎಂದು ಹೊಳೆಯುವುದಿಲ್ಲ.

ಪದಗಳೂ ತೊಡಕು. ಚರಕಸಂಹಿತೆಯ 'ಉನ್ಮಾದ' ಐದು ಬಗೆಯ ಚಿತ್ತವಿಕಾರಗಳಿಗೆ ಒಂದೇ ಹೆಸರು. ಇಂದಿನ ಕನ್ನಡ ಪಠ್ಯಗಳಲ್ಲಿ ಅದೇ ಪದ ಮನಸ್ಸು ಮಿತಿಮೀರಿ ಏರುವ ಮೇನಿಯಾ ಒಂದಕ್ಕೇ ಕುಗ್ಗಿದೆ. ಜರ್ಮನಿಯ ಮನೋವೈದ್ಯ ಕ್ರೇಪೆಲಿನ್ 1899ರಲ್ಲಿ ಉನ್ಮಾದ, ಖಿನ್ನತೆಗಳನ್ನು ಒಂದೇ ಕಾಯಿಲೆಯ ಎರಡು ಮುಖವೆಂದ. 1957ರಲ್ಲಿ ಅದೇ ನಾಡಿನ ಮನೋವೈದ್ಯ ಲಿಯೊನ್‌ಹಾರ್ಡ್ 'ಬೈಪೋಲಾರ್' ಎಂಬ ಗುರುತು ಕೊಟ್ಟ. 1980ರ ಅಮೆರಿಕದ ಮನೋರೋಗ ಕೈಪಿಡಿ ಆ ಹೆಸರನ್ನು ಖಾಯಂ ಮಾಡಿತು. ಕನ್ನಡದ 'ದ್ವಿಧ್ರುವಿ' ಭೂಗೋಳದ ತರಗತಿಯನ್ನು ನೆನಪಿಸುತ್ತದೆ. 'ಏರಿಳಿತದ ಕಾಯಿಲೆ' ಎಂದರೆ ಹೇಳುವುದೂ ಕೇಳುವುದೂ ಸುಲಭ.

ಈ ಸೀಮೆಯಲ್ಲಿ ಕಲಿಸುವವರಿಗೆ ಇನ್ನೊಂದು ಎಚ್ಚರ ಬೇಕು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಮೈಲಾರಲಿಂಗನ ಭಕ್ತ ಗೊರವಯ್ಯ ಬಿಲ್ಲನ್ನೇರಿ ಕಾರ್ಣಿಕವೆಂಬ ದೈವವಾಣಿ ನುಡಿಯುತ್ತಾನೆ. ಅದಕ್ಕೆ ಮುಹೂರ್ತವಿದೆ, ವ್ರತವಿದೆ, ಕೇಳಲು ಜನವಿದೆ. ನುಡಿದಾದ ಮೇಲೆ ಅವನು ತನ್ನ ಬದುಕಿಗೆ ಮರಳುತ್ತಾನೆ. ಉನ್ಮಾದಕ್ಕೆ ಪಂಚಾಂಗವಿಲ್ಲ. ವಾರಕ್ಕೂ ಹೆಚ್ಚು ದಿನ ನಿದ್ದೆ ಕಡಿಮೆಯಾದರೂ ದಣಿವಿಲ್ಲ. ಮಾತು, ಖರ್ಚು, ಸಿಟ್ಟು ಕೈಮೀರುತ್ತವೆ. ಮೈಮೇಲೆ ದೇವರು ಬರುವುದನ್ನೆಲ್ಲ ಕಾಯಿಲೆ ಎಂದ ಮೇಷ್ಟ್ರ ಉಳಿದ ಮಾತನ್ನೂ ತರಗತಿ ನಂಬುವುದಿಲ್ಲ.

ಹದಿಹರೆಯದ ಕೊನೆ, ಇಪ್ಪತ್ತರ ಆಸುಪಾಸು ಈ ಕಾಯಿಲೆ ಹೆಚ್ಚಾಗಿ ತಲೆಯೆತ್ತುವ ವಯಸ್ಸು. ಹಾಗಾಗಿ ಪಾಠ ಇಂದು ಪಿಯು, ಡಿಗ್ರಿ ತರಗತಿಗಳಿಗೂ ಬೇಕು. ಲಕ್ಷಣಪಟ್ಟಿ ಬಾಯಿಪಾಠ ಮಾಡಿಸುವ ಬದಲು ಮೇಷ್ಟ್ರು ಹಲಗೆಯ ಮೇಲೆ ಅಡ್ಡಗೆರೆ ಎಳೆದು ಮೈಲಾರದ ಜಾತ್ರೆ, ಯುಗಾದಿ, ದೀಪಾವಳಿ ಎಂದು ಗುರುತು ಹಾಕಲಿ. ಒಬ್ಬ ಕಲ್ಪಿತ ಯುವಕನ ವರ್ಷವನ್ನು ಗೆರೆಯ ಮೇಲೆ, ಕೆಳಗೆ ಏರಿಳಿಸಿ ತೋರಿಸಲಿ. ಕ್ರೇಪೆಲಿನ್ ಕೂಡ ರೋಗಿಗಳ ಆಯುಷ್ಯವನ್ನು ಹೀಗೆಯೇ ಪಟ್ಟಿಗಿಳಿಸಿದ್ದ.

ಈ ಗೆರೆ ಔಷಧಿಯ ಲೆಕ್ಕದಲ್ಲೂ ಬೇಕು. ಬರೀ ಖಿನ್ನತೆಯೆಂದು ಬಗೆದು ಅದರ ಮಾತ್ರೆಯಷ್ಟನ್ನೇ ಕೊಟ್ಟರೆ ಕೆಲವರಲ್ಲಿ ಉನ್ಮಾದ ಕೆರಳಬಹುದು. 1949ರಲ್ಲಿ ಆಸ್ಟ್ರೇಲಿಯಾದ ಮನೋವೈದ್ಯ ಜಾನ್ ಕೇಡ್ ಉನ್ಮಾದಕ್ಕೆ ಮದ್ದೆಂದು ಬೆಳಕಿಗೆ ತಂದ ಲಿಥಿಯಂ ಕೊಡಬೇಕಾದರೆ ಆಗಾಗ ರಕ್ತಪರೀಕ್ಷೆ ಆಗಬೇಕು. ಪ್ರಯೋಗಾಲಯ ದೂರವಿದ್ದ ಹಳ್ಳಿಗೆ ಅದು ಸಲೀಸಲ್ಲ. ಹಿಂದೆ ಯಾವಾಗಲಾದರೂ ನಿದ್ದೆಯೇ ಬೇಡವೆನಿಸಿತ್ತೇ ಎಂಬ ಪ್ರಶ್ನೆಗಂತೂ ಪ್ರಯೋಗಾಲಯ ಬೇಡ. ಅದಕ್ಕೆ ರೋಗಿ ತಲೆತಗ್ಗಿಸಿ ಕೂತರೂ ಪಕ್ಕದಲ್ಲಿ ನಿಂತ ಅವ್ವ ಬಾಯಿಬಿಡುತ್ತಾಳೆ: "ಹೋದ ಉಗಾದಿಗೆ ಹಿಂಗಿರಲಿಲ್ರೀ, ಎಂಟು ದಿನ ಮಲಗೇ ಇಲ್ಲ."