ವ್ಯಾಕ್ಯೂಮ್ ಪೈಪ್ ಸೋರಿಕೆ ಮತ್ತು ಎಂಜಿನ್ ನಡುಕ: ಶಿವಮೊಗ್ಗ–ಭದ್ರಾವತಿಯಲ್ಲಿ ಪತ್ತೆಕ್ರಮದ ಇತಿಹಾಸ

ಪೆಟ್ರೋಲ್ ಗಾಡಿ ನಿಂತಲ್ಲೇ ನಡುಗುವುದಕ್ಕೆ, ಐಡಲಿಂಗ್ ನಿಲ್ಲದೆ ಆಫ್ ಆಗುವುದಕ್ಕೆ ಹಲವು ಕಾರಣಗಳಿವೆ. ಅವುಗಳಲ್ಲಿ ವ್ಯಾಕ್ಯೂಮ್ ಪೈಪಿನ ಬಿರುಕು ತೀರಾ ಅಗ್ಗದ್ದು, ಆದರೆ ಸುಲಭವಾಗಿ ಕಣ್ತಪ್ಪಿಸುವಂಥದ್ದು. ಆಕ್ಸಿಲರೇಟರ್ ಬಿಟ್ಟಾಗ ಥ್ರಾಟಲ್ ತಟ್ಟೆ ಬಹುಪಾಲು ಮುಚ್ಚಿಕೊಳ್ಳುತ್ತದೆ. ಪಿಸ್ಟನ್‌ಗಳು ಎಳೆಯುತ್ತಲೇ ಇರುವುದರಿಂದ ಇನ್‌ಟೇಕ್ ಮ್ಯಾನಿಫೋಲ್ಡ್‌ನೊಳಗಿನ ಒತ್ತಡ ಹೊರಗಿನ ಗಾಳಿಯದಕ್ಕಿಂತ ಬಹಳ ಕೆಳಗಿಳಿಯುತ್ತದೆ. ಬ್ರೇಕ್ ಬೂಸ್ಟರ್, ಡಿಸ್ಟ್ರಿಬ್ಯೂಟರ್‌ನ ವ್ಯಾಕ್ಯೂಮ್ ಅಡ್ವಾನ್ಸ್, ಕ್ರ್ಯಾಂಕ್‌ಕೇಸ್ ಹೊಗೆ ಎಳೆಯುವ ಪಿಸಿವಿ ವಾಲ್ವ್ ಇವೆಲ್ಲ ರಬ್ಬರ್ ಕೊಳವೆಗಳ ಮೂಲಕ ಈ ಸೆಳೆತವನ್ನೇ ಬಳಸಿಕೊಳ್ಳುತ್ತವೆ. ಕೊಳವೆ ಸೀಳಿದರೆ ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗಿ ಮಿಶ್ರಣ ತೆಳುವಾಗುತ್ತದೆ. ವೇಗ ಹೆಚ್ಚಿದಂತೆ ಒಟ್ಟು ಗಾಳಿಯಲ್ಲಿ ಸೋರಿಕೆಯ ಪಾಲು ಕಿರಿದಾಗಿ ನಡುಕ ಅಡಗುತ್ತದೆ. ರಸ್ತೆಯಲ್ಲಿ ನೆಟ್ಟಗೆ ಓಡುವ ಗಾಡಿ ಸಿಗ್ನಲ್‌ನಲ್ಲಿ ಕೈಕೊಡುತ್ತದೆ ಎಂಬ ದೂರಿನ ಹಿಂದೆ ಹಲವು ಸಲ ಇರುವುದು ಇದೇ.

ಗಾಳಿಸೋರಿಕೆಯ ಕಾಟ ಈ ಭಾಗದ ಗಾಡಿಗಳಿಗೆ ರಬ್ಬರ್ ಕೊಳವೆಗಿಂತ ಹಳೆಯದು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಊದುಕುಲುಮೆ 1923ರಿಂದ ಮಲೆನಾಡಿನ ಕಾಡಿನ ಇದ್ದಿಲನ್ನು ಉರಿಸುತ್ತಿತ್ತು. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಮೈಸೂರು ಸಂಸ್ಥಾನದ ಬಸ್ಸುಗಳೂ ಇದ್ದಿಲಿಗೆ ತಿರುಗಿದವು. ಇದ್ದಿಲು ಗ್ಯಾಸಿನ ಗಾಡಿಯಲ್ಲಿ ಅನಿಲವನ್ನು ಉರಿಗೂಡಿನಿಂದ ಸಿಲಿಂಡರಿಗೆ ಎಳೆದುಕೊಳ್ಳುವುದು ಎಂಜಿನ್ನಿನ ಸೆಳೆತವೇ. ಪೈಪಿನ ಜೋಡಣೆ ಎಲ್ಲಾದರೂ ಸಡಿಲವಾದರೆ ಮೊದಲೇ ದುರ್ಬಲವಾದ ಆ ಅನಿಲಕ್ಕೆ ಗಾಳಿ ಬೆರೆತು ಎಂಜಿನ್ ಸೊರಗುತ್ತಿತ್ತು. ಎಂಜಿನ್ ಚಾಲೂ ಮಾಡುವ ಮುನ್ನ ಅನಿಲಕ್ಕೆ ಕಿಡಿ ಮುಟ್ಟಿಸಿ, ಜ್ವಾಲೆ ನಿಂತು ಉರಿಯುತ್ತದೆಯೇ ಎಂದು ನೋಡುವುದು ಆ ಕಾಲದ ಪರೀಕ್ಷೆ.

ಸ್ವಾತಂತ್ರ್ಯಾನಂತರದ ಅಂಬಾಸಿಡರ್, ಫಿಯಟ್ ಕಾರುಗಳಲ್ಲಿ ಪೈಪುಗಳು ಕಡಿಮೆ, ಹುಡುಕುವುದೂ ಸುಲಭ. ಡಿಸ್ಟ್ರಿಬ್ಯೂಟರ್‌ನ ಸಣ್ಣ ಕೊಳವೆಯನ್ನು ಬಾಯಿಂದ ಎಳೆದು ನಾಲಿಗೆ ಅಡ್ಡ ಹಿಡಿದರೆ ಡಯಾಫ್ರಮ್ ತೂತಾಗಿದೆಯೋ ಇಲ್ಲವೋ ಗೊತ್ತಾಗಿಬಿಡುತ್ತಿತ್ತು.

ತೊಡಕು ಶುರುವಾದದ್ದು 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರಿಂದ. ಅದರದು 796 ಸಿಸಿಯ ಮೂರು ಸಿಲಿಂಡರ್ ಎಂಜಿನ್. ಮೂರರಲ್ಲಿ ಒಂದು ಮಿಸ್ಸಾದರೂ ಸ್ಟಿಯರಿಂಗ್ ಹಿಡಿದ ಕೈಗೆ ತಿಳಿಯುತ್ತದೆ. ಕಾರ್ಬ್ಯುರೇಟರ್ ಸುತ್ತ ಹತ್ತಾರು ಸಣ್ಣ ಪೈಪುಗಳ ಗೋಜಲು ಬೇರೆ. ಗಾಡಿ ನಡುಗಿದರೆ ಐಡಲ್ ಸ್ಕ್ರೂ ತಿರುಗಿಸಿ ಆರ್‌ಪಿಎಂ ಏರಿಸುವುದು, ಮಿಕ್ಸ್ಚರ್ ದಪ್ಪ ಮಾಡುವುದು ಗ್ಯಾರೇಜುಗಳಲ್ಲಿ ರೂಢಿಯಾಯಿತು. ಇದು ರಿಪೇರಿಯಲ್ಲ, ರೋಗಕ್ಕೆ ಹೊದಿಕೆ. ಸೋರಿಕೆ ಹಾಗೆಯೇ ಉಳಿದು ಮೈಲೇಜು ಇಳಿಯುತ್ತಿತ್ತು. ಅನುಭವಸ್ಥರು ಸ್ಕ್ರೂ ಮುಟ್ಟುವ ಮೊದಲು ಏರ್ ಫಿಲ್ಟರ್ ತೆಗೆದು ಕಾರ್ಬ್ಯುರೇಟರ್ ಬಾಯಿಯನ್ನು ಅಂಗೈಯಿಂದ ಅರ್ಧ ಮುಚ್ಚುತ್ತಿದ್ದರು. ಎಂಜಿನ್ ಆಗ ಸುಧಾರಿಸಿದರೆ ಅದು ಎಲ್ಲೋ ‘ಏರ್ ತಗೊಳ್ತಿದೆ’ ಎಂದರ್ಥ. ಬಳಿಕ ಒಂದೊಂದೇ ಪೈಪನ್ನು ಪ್ಲಯರಿನಿಂದ ಹಿಚುಕಿ ನೋಡುವುದು, ಉದ್ದ ಕೊಳವೆಯ ಒಂದು ತುದಿ ಕಿವಿಗಿಟ್ಟು ಇನ್ನೊಂದನ್ನು ಜೋಡಣೆಗಳ ಮೇಲೆ ಆಡಿಸಿ ‘ಸುಯ್’ ಸದ್ದು ಹುಡುಕುವುದು. ಬ್ರಷ್‌ನಲ್ಲಿ ಪೆಟ್ರೋಲ್ ಹನಿಸಿ ಆರ್‌ಪಿಎಂ ಬದಲಾಗುವುದನ್ನು ನೋಡುವ ವಿಧಾನವೂ ಇತ್ತು. ಬಿಸಿ ಎಂಜಿನ್ನಿಗೆ ಬೆಂಕಿ ಹತ್ತುವ ಅಪಾಯವಿರುವುದರಿಂದ ಅದನ್ನು ಯಾರೂ ಅನುಸರಿಸಬಾರದು.

ಖಚಿತ ಅಳತೆಗೆ ಇದ್ದ ಸಾಧನ ವ್ಯಾಕ್ಯೂಮ್ ಗೇಜ್. ಸಮುದ್ರಮಟ್ಟದಲ್ಲಿ ಆರೋಗ್ಯವಂತ ಎಂಜಿನ್ ಐಡಲಿಂಗ್‌ನಲ್ಲಿ ಸುಮಾರು 17ರಿಂದ 21 ಇಂಚು ಪಾದರಸ ತೋರಿಸುತ್ತದೆ. ಪ್ರತಿ 1000 ಅಡಿ ಎತ್ತರಕ್ಕೆ ಹೆಚ್ಚುಕಡಿಮೆ ಒಂದು ಇಂಚು ಕಳೆಯಬೇಕು. ಶಿವಮೊಗ್ಗ ಸುಮಾರು 570 ಮೀಟರ್ ಎತ್ತರದಲ್ಲಿದೆ, ಭದ್ರಾವತಿ ತುಸು ಮೇಲೆ. ಮಂಗಳೂರಿನಲ್ಲಿ 19 ತೋರಿಸಿದ ಗಾಡಿ ಇಲ್ಲಿ 17 ತೋರಿಸಿದರೆ ಅದು ದೋಷವಲ್ಲ. ಮುಳ್ಳು ಕೆಳಮಟ್ಟದಲ್ಲಿ ಸ್ಥಿರವಾಗಿ ನಿಂತರೆ ಸೋರಿಕೆಯನ್ನು ಶಂಕಿಸಬಹುದು, ಆದರೆ ತಡವಾದ ಟೈಮಿಂಗ್ ಕೂಡ ಹಾಗೆಯೇ ತೋರಿಸುತ್ತದೆ. ತಾಳ ಹಿಡಿದಂತೆ ಬಿದ್ದೇಳುವ ಮುಳ್ಳು ವಾಲ್ವ್ ದೋಷದ ಸೂಚನೆ.

ಭಾರತ್ ಸ್ಟೇಜ್ 2 ನಿಯಮ 2005ರ ಏಪ್ರಿಲ್‌ನಲ್ಲಿ ದೇಶದಾದ್ಯಂತ ಜಾರಿಯಾಗುವ ಹೊತ್ತಿಗೆ ಹೊಸ ಕಾರುಗಳಲ್ಲಿ ಕಾರ್ಬ್ಯುರೇಟರ್ ಬದಲು ಇಂಜೆಕ್ಟರುಗಳಿಂದ ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ ಸಾಮಾನ್ಯವಾಗಿತ್ತು. ಸೋರಿಕೆಯ ಲಕ್ಷಣವೂ ಬದಲಾಯಿತು. ಮ್ಯಾನಿಫೋಲ್ಡ್ ಒತ್ತಡವನ್ನು ಅಳೆದು ಪೆಟ್ರೋಲ್ ಹಾಕುವ ವ್ಯವಸ್ಥೆಯಲ್ಲಿ ಒಳಬಂದ ಕಳ್ಳಗಾಳಿಯೂ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ಎಂಜಿನ್ ಸೊರಗುವ ಬದಲು ಐಡಲಿಂಗ್ ಏರಿ ನಿಲ್ಲಬಹುದು, ಏರಿಳಿಯಬಹುದು. ಗಾಳಿಯ ಹರಿವನ್ನೇ ಅಳೆಯುವ ಗಾಡಿಗಳಲ್ಲಿ ಮಾತ್ರ ಹಳೆಯ ತೆಳುಮಿಶ್ರಣದ ನಡುಕ ಉಳಿಯಿತು.

ಮಾರುತಿ 800 ಬೆಂಗಳೂರು ಸೇರಿ 13 ನಗರಗಳ ಮಾರುಕಟ್ಟೆಯಿಂದ 2010ರಲ್ಲಿ ಹೊರಬಿದ್ದರೂ ಶಿವಮೊಗ್ಗದಂಥ ಊರುಗಳಲ್ಲಿ ಮಾರಾಟ ಮುಂದುವರಿಯಿತು. ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಹಳೆಯ ಕಾರ್ಬ್ಯುರೇಟರ್ ಗಾಡಿಗಳೂ ಹೊಸ ಎಂಪಿಎಫ್‌ಐ ಗಾಡಿಗಳೂ ಒಟ್ಟಿಗೆ ಓಡುತ್ತಿದ್ದುದರಿಂದ ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್, ಎರಡೂ ಊರುಗಳನ್ನು ಹಾದುಹೋಗುವ ಬಿ.ಎಚ್. ರಸ್ತೆ, ಇಲ್ಲೆಲ್ಲ ಅಂಗೈ ಪರೀಕ್ಷೆಯೂ ಸ್ಕ್ಯಾನರ್ರೂ ಒಂದೇ ಕಾಲಕ್ಕೆ ಬೇಕಾದವು. ಸ್ಕ್ಯಾನರ್‌ನಲ್ಲಿ ನೋಡಬೇಕಾದದ್ದು ಫ್ಯುಯೆಲ್ ಟ್ರಿಮ್, ಅಂದರೆ ಮಿಶ್ರಣ ಸರಿದೂಗಿಸಲು ಎಂಜಿನ್ ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚಿಸುತ್ತಿದೆ ಅಥವಾ ತಗ್ಗಿಸುತ್ತಿದೆ ಎಂಬ ಅಂಕಿ. ಗಾಳಿಯ ಹರಿವನ್ನು ಅಳೆಯುವ ಗಾಡಿಯಲ್ಲಿ ಅದು ಐಡಲಿಂಗ್‌ನಲ್ಲಿ ಹೆಚ್ಚಿದ್ದು 2500 ಆರ್‌ಪಿಎಂನಲ್ಲಿ ಸಹಜಕ್ಕೆ ಮರಳಿದರೆ ಸೋರಿಕೆಯ ಸಾಧ್ಯತೆ ಬಲವಾಗುತ್ತದೆ. ಪಿ0171 ಕೋಡ್ ಹೇಳುವುದು ಮಿಶ್ರಣ ತೆಳುವಾಗಿದೆ ಎಂದಷ್ಟೇ, ಯಾವ ಪೈಪು ಎಂದಲ್ಲ. ಕೋಡ್ ಕಂಡ ಕೂಡಲೇ ಆಕ್ಸಿಜನ್ ಸೆನ್ಸರ್ ಬದಲಿಸುವುದು ಹಳೆಯ ಸ್ಕ್ರೂ ತಿರುಗಿಸುವ ಚಾಳಿಯ ದುಬಾರಿ ರೂಪ. ಸೋರಿಕೆಯ ಜಾಗವನ್ನು ಕಣ್ಣಿಗೆ ಕಾಣಿಸುವುದು ಪೈಪುಗಳಿಗೆ ಹೊಗೆ ತುಂಬುವ ಸ್ಮೋಕ್ ಯಂತ್ರ. ಅದಿಲ್ಲದ ಕಡೆ ಕೈ, ಕಿವಿ, ಪ್ಲಯರ್‌ಗಳೇ ಗತಿ.

ಕೊಳವೆ ಹಾಳಾಗುವುದು ಹೆಚ್ಚಾಗಿ ಎಂಜಿನ್ ಶಾಖದಿಂದ ಗಡುಸಾಗಿ ತುದಿಯಲ್ಲಿ ಬಿರಿದು. ಮನೆಯಂಗಳದಲ್ಲಿ ವಾರಗಟ್ಟಲೆ ನಿಂತ ಕಾರಿನಲ್ಲಿ ಇಲಿ ಕಡಿತವೂ ಇರಬಹುದು. ಮಳೆಗಾಲದಲ್ಲಿ ಇಗ್ನಿಷನ್ ವೈರ್ ತೇವಗೊಂಡರೂ ಇಂಥದೇ ನಡುಕ ಬರುವುದರಿಂದ ಅದನ್ನು ಮೊದಲು ಒರೆಸಿ ನೋಡಬೇಕು. ಬ್ರೇಕ್ ತುಳಿದಾಗ ಐಡಲಿಂಗ್ ಬದಲಾಗಿ ಪೆಡಲ್ ಗಟ್ಟಿಯಾದರೆ ದೋಷ ಬೂಸ್ಟರ್‌ನಲ್ಲೋ ಅದರ ಕೊಳವೆಯಲ್ಲೋ ಇರುತ್ತದೆ. ಅದು ಸರಿಯಾಗುವವರೆಗೆ ಗಾಡಿಯನ್ನು ಆಗುಂಬೆ ಘಾಟಿ ಇಳಿಸಬಾರದು.