ವಿಷದ ವಹಿ, ಮದ್ದಿನ ವಹಿ: ಔಷಧ ಮಾರಾಟದ ದಾಖಲೆ ಮತ್ತು ಪ್ರಭುತ್ವ

ಕನ್ನಡದಲ್ಲಿ ‘ಮದ್ದು’ ಎಂದರೆ ಔಷಧವೂ ಹೌದು, ವಿಷವೂ ಹೌದು. ‘ಮದ್ದು ಕೊಟ್ಟರು’ ಎಂದಾಗ ಉಪಕಾರದ ಮಾತಾಗುತ್ತದೆ. ‘ಮದ್ದು ಹಾಕಿದರು’ ಎಂದಾಗ ಅದೇ ಶಬ್ದ ಆಪಾದನೆಯಾಗುತ್ತದೆ. ಅನ್ನದಲ್ಲಿ ಬೆರೆಸಿದ ‘ಕೈಮದ್ದ’ನ್ನು ತೆಗೆಸುವ ನಾಟಿ ವೈದ್ಯರನ್ನು ಕುರಿತ ನಂಬಿಕೆ ನಾಡಿನ ಅನೇಕ ಭಾಗಗಳಲ್ಲಿ ಇಂದಿಗೂ ಜೀವಂತವಾಗಿದೆ. 14ನೆಯ ಶತಮಾನದ ಮಂಗರಾಜನು ತನ್ನ ‘ಖಗೇಂದ್ರಮಣಿದರ್ಪಣ’ದಲ್ಲಿ ಸ್ಥಾವರ ಹಾಗೂ ಜಂಗಮ ವಿಷಗಳನ್ನೂ ಅವುಗಳ ಚಿಕಿತ್ಸೆಯನ್ನೂ ಒಂದೇ ಗ್ರಂಥದಲ್ಲಿ ಹೇಳಿದ್ದು ಈ ತಿಳಿವಳಿಕೆಯ ಶಿಷ್ಟರೂಪವೇ ಆಗಿದೆ. ಮದ್ದು ಮತ್ತು ವಿಷಗಳ ನಡುವಿನ ಗೆರೆ ಪದಾರ್ಥದಲ್ಲಿಲ್ಲ, ಕೊಡುವ ಕೈಯಲ್ಲಿದೆ ಎಂಬುದು ಜನಪದರ ನಿಲುವು. ಆಧುನಿಕ ಪ್ರಭುತ್ವವು ಔಷಧದ ವ್ಯವಹಾರದೊಳಗೆ ಪ್ರವೇಶಿಸಿದ್ದೂ ವಿಷದ ಬಾಗಿಲಿನಿಂದಲೇ ಎಂಬುದು ಗಮನಾರ್ಹ.

ಬ್ರಿಟಿಷ್ ಭಾರತದಲ್ಲಿ ಔಷಧಗಳಿಗೆ ಅಖಿಲ ಭಾರತ ಮಟ್ಟದ ಕಾಯ್ದೆ ಬರುವ ಬಹಳ ಮೊದಲೇ 1904ರ ವಿಷ ಕಾಯ್ದೆಯೂ ಅದರ ಸ್ಥಾನದಲ್ಲಿ 1919ರ ವಿಷ ಕಾಯ್ದೆಯೂ ಬಂದವು. ಬಿಳಿ ಪಾಷಾಣವೇ ಮೊದಲಾದ ವಸ್ತುಗಳನ್ನು ಯಾರು ಮಾರಬೇಕು, ಯಾರಿಗೆ ಮಾರಬೇಕು, ಮಾರಿದ್ದನ್ನು ಯಾವ ವಹಿಯಲ್ಲಿ ಬರೆಯಬೇಕು, ಆ ವಹಿಯನ್ನು ಯಾರು ಪರಿಶೀಲಿಸಬೇಕು ಎಂಬ ನಿಯಮಗಳನ್ನು ರಚಿಸುವ ಅಧಿಕಾರವನ್ನು ಈ ಕಾಯ್ದೆ ಸರ್ಕಾರಕ್ಕೆ ನೀಡಿತು. ಕೊಲೆ ಹಾಗೂ ದನಕರುಗಳಿಗೆ ವಿಷವಿಕ್ಕುವ ಕೃತ್ಯಗಳು ಪದೇ ಪದೇ ನಡೆಯುವ ಪ್ರದೇಶಗಳಲ್ಲಿ ವಿಷವನ್ನು ಇಟ್ಟುಕೊಳ್ಳುವುದನ್ನೇ ನಿರ್ಬಂಧಿಸುವ ಅವಕಾಶವೂ ಅದರಲ್ಲಿತ್ತು. ಚರ್ಮಕ್ಕಾಗಿ ದನಗಳಿಗೆ ಪಾಷಾಣ ಹಾಕುತ್ತಾರೆಂಬ ಸಂಶಯವನ್ನು ಉತ್ತರ ಭಾರತದ ವಸಾಹತು ಅಧಿಕಾರಿಗಳು ತೊಗಲಿನ ಕೆಲಸ ಮಾಡುವ ಜಾತಿಗಳ ಮೇಲೆ ಸಾರಾಸಗಟಾಗಿ ಹೊರಿಸಿದ್ದರು. ಹೀಗೆ ಮಾರಾಟದ ವಹಿಯು ಹುಟ್ಟಿನಿಂದಲೇ ಸಂಶಯದ ವಹಿ. ಕೊಂಡವನ ಹೆಸರನ್ನು ಬರೆಯಿಸಿದ್ದು ಅವನ ಹಿತಕ್ಕಾಗಿ ಅಲ್ಲ. ನಾಳೆ ಯಾರಾದರೂ ಸತ್ತರೆ ಅವನನ್ನು ಹುಡುಕುವುದಕ್ಕಾಗಿ.

ಔಷಧದ ವಹಿಯ ಹಿನ್ನೆಲೆ ಬೇರೆ. 1920ರ ದಶಕದಲ್ಲಿ ಭಾರತದ ಮಾರುಕಟ್ಟೆಗೆ ಕಲಬೆರಕೆಯ, ಸತ್ವಹೀನ ಔಷಧಗಳು ಹರಿದು ಬರುತ್ತಿದ್ದವು. ಇದರ ವಿಚಾರಣೆಗೆಂದು 1930ರಲ್ಲಿ ಲೆಫ್ಟಿನೆಂಟ್ ಕರ್ನಲ್ ಆರ್. ಎನ್. ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿ 1931ರಲ್ಲಿ ವರದಿ ಸಲ್ಲಿಸಿತು. ದೇಶೀಯ ಔಷಧಿ ಸಸ್ಯಗಳ ಅಧ್ಯಯನಕ್ಕೆ ಬಾಳನ್ನು ಮುಡಿಪಾಗಿಟ್ಟ ವಿದ್ವಾಂಸರೇ ಔಷಧ ನಿಯಂತ್ರಣದ ನೀಲನಕ್ಷೆಯನ್ನೂ ಹಾಕಿದರೆಂಬುದು ಜಾನಪದ ವೈದ್ಯದ ಅಧ್ಯೇತೃಗಳು ಮರೆಯಬಾರದ ಸಂಗತಿ. ವರದಿಯ ಫಲವಾದ ಔಷಧ ಕಾಯ್ದೆ 1940ರಲ್ಲಿಯೂ ಅದರ ನಿಯಮಗಳು 1945ರಲ್ಲಿಯೂ ಬಂದವು. ತಯಾರಿಕೆ ಮತ್ತು ಮಾರಾಟವನ್ನು ಕುರಿತ ನಾಲ್ಕನೆಯ ಅಧ್ಯಾಯ ಕೊಡಗು, ದೆಹಲಿ ಹಾಗೂ ಅಜ್ಮೀರ್‌ಗಳಲ್ಲಿ 1947ರ ಏಪ್ರಿಲ್ 1ರಂದು ಜಾರಿಗೆ ಬಂತು. ಮೈಸೂರು ಮತ್ತು ಹೈದರಾಬಾದುಗಳು ಸಂಸ್ಥಾನಗಳಾಗಿದ್ದುದರಿಂದ, ‘ಬಿ’ ಭಾಗದ ರಾಜ್ಯಗಳಿಗೆ ಕೇಂದ್ರ ಕಾಯ್ದೆಗಳನ್ನು ವಿಸ್ತರಿಸಿದ 1951ರ ಶಾಸನದ ತನಕ ಈ ಕಾಯ್ದೆ ಅವುಗಳಿಗೆ ಅನ್ವಯವಾಗಲಿಲ್ಲ. ಇಂದಿನ ಕರ್ನಾಟಕದ ನಕ್ಷೆಯೊಳಗೆ ಔಷಧದ ಕಾನೂನು ಒಂದೇ ದಿನ ಬಂದದ್ದಲ್ಲ.

ಈ ನಿಯಮಗಳು ವಹಿಯ ಸ್ವರೂಪವನ್ನು ಅಂಕಣ ಅಂಕಣವಾಗಿ ನಿರ್ದೇಶಿಸಿದವು. ಕ್ರಮಸಂಖ್ಯೆ, ದಿನಾಂಕ, ಚೀಟಿ ಬರೆದ ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು ವಿಳಾಸ, ಔಷಧ, ಪ್ರಮಾಣ, ಕೊನೆಗೆ ನೋಂದಾಯಿತ ಫಾರ್ಮಸಿಸ್ಟರ ಸಹಿ. ಅಂಗಡಿಯಲ್ಲಿಯೇ ಮಿಶ್ರಣ ಕಲಸಿ ಸೀಸೆಗೆ ತುಂಬಿಕೊಡುತ್ತಿದ್ದ ಕಾಲದ ನಿಯಮವಿದು. ಸಿದ್ಧ ಮಾತ್ರೆಗಳು ಬಂದಮೇಲೆ, ಕಲಸದೆ ಕೊಡುವ ಔಷಧಗಳಿಗೆ ವಹಿಯ ಬದಲು ಬಿಲ್ಲಿನ ಕಾರ್ಬನ್ ಪ್ರತಿಯೇ ಸಾಕಾಯಿತು. ಷೆಡ್ಯೂಲ್ ಎಕ್ಸ್‌ಗೆ ಸೇರಿದ ಔಷಧಗಳಿಗೆ ಮಾತ್ರ ಚೀಟಿಯ ಎರಡು ಪ್ರತಿಗಳು ಬೇಕು; ಒಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು. (ಹಳ್ಳಿಯ ಮಾತಿನಲ್ಲಿ ತಾಯಿತದೊಳಗೆ ಮಡಿಸಿಡುವ ಯಂತ್ರದ ಹಾಳೆಯೂ ‘ಚೀಟಿ’, ಡಾಕ್ಟರು ಬರೆದುಕೊಡುವುದೂ ‘ಚೀಟಿ’. ಎರಡನ್ನೂ ಪಡೆದವರು ಸಾಮಾನ್ಯವಾಗಿ ಓದಲಾರರು. ವೈದ್ಯರು ಸ್ಪಷ್ಟವಾಗಿ, ಸಾಧ್ಯವಾದರೆ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲಿ ಸೂಚಿಸಬೇಕಾಯಿತು.)

1964ರ ತಿದ್ದುಪಡಿಯು ಆಯುರ್ವೇದ ಮತ್ತು ಯುನಾನಿ ಔಷಧಗಳನ್ನೂ ಕಾಯ್ದೆಯ ವ್ಯಾಪ್ತಿಗೆ ತಂದಿತು. ಆದರೆ ಹತೋಟಿ ತಯಾರಿಕೆಗಷ್ಟೆ. ಮಾರಾಟಕ್ಕೆ ಪರವಾನಗಿಯ ಅಗತ್ಯವಿಲ್ಲ. ತಮ್ಮ ರೋಗಿಗಳಿಗಾಗಿ ತಾವೇ ಮದ್ದು ಮಾಡಿಕೊಡುವ ವೈದ್ಯರಿಗೂ ಹಕೀಮರಿಗೂ ತಯಾರಿಕೆಯ ಪರವಾನಗಿಯಿಂದಲೂ ವಿನಾಯಿತಿ ದೊರೆಯಿತು. ವತ್ಸನಾಭಿ, ಗುಲಗಂಜಿ, ದತ್ತೂರಿ, ವಿಷಮುಷ್ಟಿ, ಗೌರಿಪಾಷಾಣ, ಪಾದರಸಗಳಂಥ ವಿಷದ್ರವ್ಯಗಳ ಪಟ್ಟಿಯೊಂದು ಷೆಡ್ಯೂಲ್ ಇ(1) ಎಂಬ ಹೆಸರಿನಲ್ಲಿದೆ. ಇವು ಬೆರೆತ, ಹೊಟ್ಟೆಗೆ ಕೊಡುವ ಸಿದ್ಧೌಷಧಗಳ ಮೇಲೆ ವೈದ್ಯರ ಮೇಲ್ವಿಚಾರಣೆಯಲ್ಲಿ ಸೇವಿಸಬೇಕೆಂಬ ಎಚ್ಚರಿಕೆಯನ್ನು ಅಚ್ಚಿಸಬೇಕು. ಅದೂ ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಮಂಗರಾಜನು ವಿಷವನ್ನು ಕುರಿತು ಕನ್ನಡದಲ್ಲಿಯೇ ಬರೆದ ನಾಡಿನಲ್ಲಿ ಆರು ಶತಮಾನಗಳ ತರುವಾಯ ಬಂದ ಈ ನಿಯಮವು ಕನ್ನಡವನ್ನು ಕಡ್ಡಾಯ ಮಾಡಲಿಲ್ಲ.

ನಾಟಿ ವೈದ್ಯಪದ್ಧತಿಯಲ್ಲಿ ವಹಿಯಿಲ್ಲ, ಆದರೆ ನಿಯಂತ್ರಣವಿಲ್ಲವೆಂದು ತಿಳಿಯಬಾರದು. ಬೇರನ್ನು ಇಂಥ ದಿನವೇ ಕೀಳಬೇಕು, ಮದ್ದಿನ ಹೆಸರನ್ನು ಹೇಳಬಾರದು, ಹೇಳಿದರೆ ಗುಣ ಹೋಗುತ್ತದೆ, ಹಣಕ್ಕೆ ಮಾರಬಾರದು, ರೋಗಿಯನ್ನು ನೋಡದೆ ಕೊಡಬಾರದು ಎಂಬ ವಿಧಿನಿಷೇಧಗಳು ಅಪಾಯಕಾರಿ ದ್ರವ್ಯವನ್ನು ಕೆಲವೇ ಕೈಗಳಲ್ಲಿ ಹಿಡಿದಿಡುವ ಕೆಲಸ ಮಾಡಿವೆ. ಇದನ್ನು ವೈಭವೀಕರಿಸುವ ಕಾರಣವಿಲ್ಲ. ಅದೇ ಗುಟ್ಟು ಎಷ್ಟೋ ಮದ್ದುಗಳನ್ನು ಬಲ್ಲವರೊಂದಿಗೆ ಮಣ್ಣುಪಾಲು ಮಾಡಿದೆ. ತಪ್ಪಿದ ಚಿಕಿತ್ಸೆಯನ್ನೂ ಮರೆಮಾಚಿದೆ. ಅಲ್ಲಿ ಗುಟ್ಟು ಮದ್ದಿನದು, ರೋಗಿ ಊರಿಗೆಲ್ಲ ಗೊತ್ತು. ಸರ್ಕಾರಿ ವಹಿಯಲ್ಲಿ ಮದ್ದು ಬಹಿರಂಗ, ಗುಟ್ಟಾಗಿರಬೇಕಾದದ್ದು ರೋಗಿಯ ಹೆಸರು.

ವಹಿಯ ಸಂಶಯಮೂಲ ಎಷ್ಟು ಆಳವಾದುದೆಂಬುದಕ್ಕೆ ಮಾರ್ಫಿನ್ನಿನ ಕಥೆಯೇ ಸಾಕ್ಷಿ. ಅಫೀಮನ್ನು ಬೆಳೆದು ಹೊರದೇಶಗಳಿಗೂ ಒದಗಿಸುವ ಭಾರತದಲ್ಲಿ 1985ರ ಮಾದಕ ದ್ರವ್ಯಗಳ ಕಾಯ್ದೆ ಜಾರಿಯಾದ ಬಳಿಕ ಕ್ಯಾನ್ಸರ್ ರೋಗಿಗಳಿಗೆ ನೋವು ನಿವಾರಕ ಮಾರ್ಫಿನ್ ದೊರೆಯುವುದೇ ದುಸ್ತರವಾಯಿತು. ಒಂದೇ ಔಷಧಕ್ಕೆ ಬೇರೆ ಬೇರೆ ಇಲಾಖೆಗಳ ಹಲವು ಪರವಾನಗಿಗಳು. ಒಂದರ ಅವಧಿ ಮುಗಿಯುವಷ್ಟರಲ್ಲಿ ಇನ್ನೊಂದು ಬಂದಿರುತ್ತಿರಲಿಲ್ಲ. ಲೆಕ್ಕ ತಪ್ಪಿದರೆ ಕಠಿಣ ಶಿಕ್ಷೆಯ ಭಯ. ಅಂಗಡಿಗಳೂ ಆಸ್ಪತ್ರೆಗಳೂ ಅದನ್ನು ತರಿಸುವುದನ್ನೇ ಬಿಟ್ಟವು. ವಹಿ ಶುದ್ಧವಾಗಿ ಉಳಿಯಿತು. ರೋಗಿಗಳು ನರಳಿ ಸತ್ತರು. ಉಪಶಾಮಕ ಚಿಕಿತ್ಸೆಯ ವೈದ್ಯರ ದೀರ್ಘ ಹೋರಾಟದ ನಂತರ 2014ರ ತಿದ್ದುಪಡಿಯು ‘ಅಗತ್ಯ ಮಾದಕ ಔಷಧ’ಗಳೆಂಬ ವರ್ಗವನ್ನು ರಚಿಸಿ, ದೇಶಕ್ಕೆಲ್ಲ ಏಕರೂಪದ ನಿಯಮ ತರುವ ದಾರಿ ಮಾಡಿತು. ಈ ಮೂರು ದಶಕಗಳ ಚರಿತ್ರೆಯನ್ನು ಕಾನೂನಿನ ಇತಿಹಾಸವೆಂದಷ್ಟೇ ಓದುವುದು ಸಾಲದು. ಸಾವಿನ ಮನೆಗಳ ಮೌಖಿಕ ನಿರೂಪಣೆಗಳನ್ನು ಸಂಗ್ರಹಿಸಿದಲ್ಲದೆ ಅದು ಪೂರ್ಣವಾಗದು.

ಇದಕ್ಕೆ ವಿರುದ್ಧವಾದ ಚಿತ್ರವೂ ಇದೆ. ಷೆಡ್ಯೂಲ್ ಎಚ್‌ಗೆ ಸೇರಿದ ಜೀವಿರೋಧಕಗಳನ್ನು ಚೀಟಿಯಿಲ್ಲದೆ ಮಾರುವ ರೂಢಿ ವ್ಯಾಪಕವಾಗಿತ್ತು. ಔಷಧಕ್ಕೆ ಬಗ್ಗದ ರೋಗಾಣುಗಳ ಕಿಣ್ವವೊಂದಕ್ಕೆ ದೆಹಲಿಯ ಹೆಸರಂಟಿ, 2010ರಲ್ಲಿ ಅದು ಜಾಗತಿಕ ಚರ್ಚೆಯಾದ ಬಳಿಕ ಸರ್ಕಾರ ಎಚ್ಚೆತ್ತಿತು. 2013ರ ಆಗಸ್ಟ್‌ನಲ್ಲಿ 46 ಔಷಧಗಳ ಷೆಡ್ಯೂಲ್ ಎಚ್1 ಪ್ರಕಟವಾಗಿ 2014ರ ಮಾರ್ಚ್ 1ರಿಂದ ಜಾರಿಯಾಯಿತು. ಇವುಗಳಿಗೆ ಪ್ರತ್ಯೇಕ ವಹಿ. ಅದನ್ನು ಮೂರು ವರ್ಷ ಕಾಯ್ದಿರಿಸಿ, ಔಷಧ ಪರಿವೀಕ್ಷಕರು ಕೇಳಿದಾಗ ತೋರಿಸಬೇಕು. ಕಾಗದದ ಈ ವಹಿ ಅಂಗಡಿಯ ಗಲ್ಲದ ಬಳಿಯೇ ಇರುತ್ತದೆ. ಪರಿವೀಕ್ಷಕರು ಬಂದಾಗಲಷ್ಟೇ ಪ್ರಭುತ್ವ ಅದನ್ನು ಓದುತ್ತದೆ.

2018ರ ಆಗಸ್ಟ್‌ನಲ್ಲಿ ಪ್ರಕಟವಾದ ಅಂತರ್ಜಾಲ ಔಷಧ ಮಾರಾಟದ ಕರಡು ನಿಯಮಗಳು ಈ ಅಂತರವನ್ನು ಅಳಿಸುವ ಸೂಚನೆ ನೀಡಿದವು. ಚೀಟಿಯ ಮಾಹಿತಿಯನ್ನು ಅನ್ಯರಿಗೆ ತಿಳಿಸಬಾರದು, ದತ್ತಾಂಶ ದೇಶದ ಹೊರಗೆ ಹೋಗಬಾರದು ಎಂದ ಆ ಕರಡು, ಸಾರ್ವಜನಿಕ ಆರೋಗ್ಯದ ಉದ್ದೇಶಕ್ಕಾಗಿ ಕೇಂದ್ರ ಅಥವಾ ರಾಜ್ಯ ಸರ್ಕಾರ ಕೇಳಿದರೆ ಒದಗಿಸಲೇಬೇಕೆಂದೂ ವಿಧಿಸಿತ್ತು. 2023ರ ಆಗಸ್ಟ್‌ನಿಂದ 300 ಔಷಧಗಳ ಹೊದಿಕೆಯ ಮೇಲೆ ಕ್ಯೂಆರ್ ಸಂಕೇತ ಕಡ್ಡಾಯವಾಯಿತು. ಇದರಲ್ಲಿ ತಯಾರಕನ ಹೆಸರು, ತಂಡದ ಸಂಖ್ಯೆ, ಅವಧಿಗಳಿವೆ, ಕೊಂಡವನ ಹೆಸರಿಲ್ಲ.

ಇತ್ತ ಪೇಟೆಬೀದಿಯ ಗ್ರಂಥಿಗೆ ಅಂಗಡಿಯಲ್ಲಿ ಅಳಲೆಕಾಯಿ, ಹಿಪ್ಪಲಿ, ಬಜೆಗಳನ್ನು ಕೇಳಿಬಂದವರು ಹೆಸರು ಹೇಳಬೇಕಿಲ್ಲ. ‘ಮಗುವಿಗೆ ಕೆಮ್ಮು’ ಎಂದರೆ ಸಾಕು, ಅಂಗಡಿಯವರು ‘ಎಷ್ಟು ತಿಂಗಳ ಕೂಸು?’ ಎಂದು ಕೇಳಿ ಪೊಟ್ಟಣ ಕಟ್ಟುತ್ತಾರೆ.