ಜಗಳ ಸಣ್ಣದು, ಸಾವು ದೊಡ್ಡದು: ಫೋನು, ಪಿಸ್ತೂಲು ಮತ್ತು ಮಂಗಳೂರಿನ ಬೀದಿ

ಬಸ್ಸಿನಲ್ಲಿ ಪಕ್ಕದವ ರೀಲ್ಸ್ ಜೋರಾಗಿ ಹಾಕಿದ್ದಾನೆ. ಥಿಯೇಟರಿನಲ್ಲಿ ಮುಂದಿನ ಸೀಟಿನ ಮೊಬೈಲ್ ಬೆಳಕು ಕಣ್ಣಿಗೆ ಹೊಡೆಯುತ್ತಿದೆ. ನಂತೂರು ಸರ್ಕಲ್‌ನಲ್ಲಿ ಸ್ಕೂಟರ್ ಹೋಗಿ ಕಾರಿಗೆ ತಾಗಿದೆ. ಇಂಥ ಜಗಳಗಳು ಬಹುಪಾಲು ಎರಡು ಬೈಗುಳದಲ್ಲಿ ಮುಗಿಯುತ್ತವೆ. ಕೆಲವು ಮಾತ್ರ ಶವಾಗಾರದ ತನಕ ಹೋಗುತ್ತವೆ. ಹಾಗಾದಾಗ ನಾವೆಲ್ಲ ಹೇಳುವ ಮಾತು ಒಂದೇ: "ಇಷ್ಟು ಸಣ್ಣ ವಿಷಯಕ್ಕಾ ಮಾರಾಯ್ರೆ?"

ನನಗೆ ಈ ಪ್ರಶ್ನೆಯೇ ಸರಿ ಕಾಣುವುದಿಲ್ಲ. ವಿಷಯ ಯಾವಾಗಲೂ ಸಣ್ಣದೇ ಇರುತ್ತದೆ. ಜಗಳ ನಡೆದ ಹೊತ್ತಿಗೆ ಕೈಯಲ್ಲಿ ಏನಿತ್ತು, ಸುತ್ತ ಇದ್ದವರು ಏನು ಮಾಡಿದರು, ಪೊಲೀಸರು ಅದನ್ನು ಏನೆಂದು ಬರೆದುಕೊಂಡರು ಎಂಬ ಮೂರು ಪ್ರಶ್ನೆ ಕೇಳಬೇಕು. ಈ ಮೂರಕ್ಕೂ ಕಾನೂನಿನಲ್ಲಿ ಉತ್ತರ ಇದೆ. ಅದನ್ನು ಒಂದು ಕಡೆ ಸೇರಿಸಿಡುವ ಪ್ರಯತ್ನ ಇದು.

ನಾಲ್ಕು ಪ್ರಕರಣಗಳು

2014ರ ಜನವರಿ 13. ಅಮೆರಿಕದ ಫ್ಲೋರಿಡಾದ ವೆಸ್ಲಿ ಚಾಪೆಲ್‌ನ ಸಿನಿಮಾ ಮಂದಿರ. ಸಿನಿಮಾ ಶುರುವಾಗುವ ಮೊದಲು, ಟ್ರೇಲರ್ ನಡೆಯುತ್ತಿದ್ದಾಗ ಒಬ್ಬಾತ ಫೋನಿನಲ್ಲಿ ಮೆಸೇಜ್ ಮಾಡುತ್ತಿದ್ದ. ಹಿಂದೆ ಕೂತಿದ್ದ 71 ವರ್ಷದ ನಿವೃತ್ತ ಪೊಲೀಸ್ ಅಧಿಕಾರಿ ಆಕ್ಷೇಪಿಸಿದರು. ಮಾತು ಬೆಳೆಯಿತು, ಪಾಪ್‌ಕಾರ್ನ್ ಎಸೆತವಾಯಿತು, ಅಧಿಕಾರಿ ಜೇಬಿನ ಪಿಸ್ತೂಲಿನಿಂದ ಗುಂಡು ಹಾರಿಸಿದರು. ಫೋನ್ ಹಿಡಿದಿದ್ದಾತ ಸತ್ತ. ಎಂಟು ವರ್ಷಗಳ ನಂತರ, 2022ರಲ್ಲಿ, ಆತ್ಮರಕ್ಷಣೆಯ ವಾದ ಒಪ್ಪಿದ ಜ್ಯೂರಿ ಆರೋಪಿಯನ್ನು ಖುಲಾಸೆ ಮಾಡಿತು.

ಅದು ಅಮೆರಿಕ, ಅಲ್ಲಿ ಹಾಗೆಯೇ ಎನ್ನಬೇಡಿ. 2021ರ ಅಕ್ಟೋಬರ್ 5ರಂದು ನಮ್ಮದೇ ಮೋರ್ಗನ್ಸ್ ಗೇಟ್‌ನಲ್ಲಿ ಸಂಬಳ ಬಾಕಿ ಕೇಳಲು ಬಂದ ಸಿಬ್ಬಂದಿಗೂ ಸರಕು ಸಾಗಣೆ ಸಂಸ್ಥೆಯ ಮಾಲೀಕರಿಗೂ ಜಗಳವಾಯಿತು. ಪೊಲೀಸರ ಪ್ರಕಾರ ಮಾಲೀಕರು ಲೈಸೆನ್ಸ್ ಇದ್ದ ಪಿಸ್ತೂಲಿನಿಂದ ಗುಂಡು ಹಾರಿಸಿದರು. ಗುಂಡು ತಾಗಿದ್ದು ಅವರದೇ ಹದಿಹರೆಯದ ಮಗನಿಗೆ. ಹುಡುಗ ಬಳಿಕ ಆಸ್ಪತ್ರೆಯಲ್ಲಿ ತೀರಿಕೊಂಡ.

2025ರ ಏಪ್ರಿಲ್ 27ರಂದು ಕುಡುಪುವಿನಲ್ಲಿ ಗನ್ ಇರಲಿಲ್ಲ. ಕ್ರಿಕೆಟ್ ಪಂದ್ಯ ನಡೆಯುತ್ತಿದ್ದ ಮೈದಾನದ ಬಳಿ ಗುಂಪೊಂದು ಕೇರಳದ ವಲಸೆ ಕಾರ್ಮಿಕನನ್ನು ಹೊಡೆದು ಕೊಂದಿತು ಎಂಬುದು ಪ್ರಕರಣ. ಅದೇ ವರ್ಷ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಪುಟ್ಟೇನಹಳ್ಳಿಯಲ್ಲಿ ಬೈಕ್ ತಾಗಿ ಕಾರಿನ ಕನ್ನಡಿಗೆ ಪೆಟ್ಟಾಯಿತೆಂದು ಡೆಲಿವರಿ ಹುಡುಗನನ್ನು ಅಟ್ಟಿಸಿಕೊಂಡು ಹೋಗಿ ಕಾರು ಗುದ್ದಿಸಿ ಕೊಂದ ಆರೋಪದಲ್ಲಿ ದಂಪತಿಯ ಬಂಧನವಾಯಿತು.

ಒಂದು ಕಡೆ ಪಿಸ್ತೂಲು, ಇನ್ನೊಂದು ಕಡೆ ಗುಂಪು, ಮತ್ತೊಂದು ಕಡೆ ಕಾರು. ಸಿಟ್ಟು ಎಲ್ಲ ಕಡೆಯೂ ಒಂದೇ. ಪಿಸ್ತೂಲಿಗೆ ಮಾತ್ರ ಒಂದು ವಿಶೇಷ ಇದೆ: ಗುಂಪು ಸೇರಲು ಸಮಯ ಬೇಕು, ಪಿಸ್ತೂಲಿಗೆ ಬೇಡ. ತಡೆಯಲು ಬಂದವನಿಗೂ ಅದು ಸಮಯ ಕೊಡುವುದಿಲ್ಲ.

ಫೋನ್ ಸದ್ದಿಗೆ ನಿಯಮ ಉಂಟಾ?

ಉಂಟು. ಹೈಕೋರ್ಟ್ ನಿರ್ದೇಶನದ ನಂತರ ಕೆಎಸ್‌ಆರ್‌ಟಿಸಿ 2021ರ ನವೆಂಬರ್‌ನಲ್ಲಿ ಬಸ್ಸುಗಳಲ್ಲಿ ಮೊಬೈಲ್ ಸ್ಪೀಕರ್ ಹಾಕಿ ಹಾಡು, ವಿಡಿಯೊ ನಡೆಸುವುದನ್ನು ನಿಷೇಧಿಸಿತು. ಕಂಡಕ್ಟರ್ ಮೊದಲು ವಿನಂತಿಸಬೇಕು. ಕೇಳದಿದ್ದರೆ ಪ್ರಯಾಣಿಕನನ್ನು ಇಳಿಸಬಹುದು, ಟಿಕೆಟ್ ಹಣ ವಾಪಸ್ ಇಲ್ಲ. ರೈಲಿನಲ್ಲಿ ರಾತ್ರಿ 10ರ ನಂತರ ಜೋರು ಹಾಡು, ಜೋರು ಫೋನ್ ಮಾತು ಬೇಡ ಎಂದು ರೈಲ್ವೆ 2022ರಲ್ಲಿ ಸೂಚಿಸಿದೆ.

ಮಂಗಳೂರಿನ ಸಿಟಿ ಬಸ್ಸುಗಳು ಹೆಚ್ಚಿನವು ಖಾಸಗಿ. ಕೆಎಸ್‌ಆರ್‌ಟಿಸಿ ಸುತ್ತೋಲೆ ಅವಕ್ಕೆ ಅನ್ವಯಿಸುವುದಿಲ್ಲ. ಆದರೂ ಅದರೊಳಗಿನ ಕ್ರಮ ಎಲ್ಲ ಕಡೆಗೂ ಒಳ್ಳೆಯದು: ಪಕ್ಕದವನ ಜೊತೆ ನೇರ ಜಟಾಪಟಿ ಬೇಡ, ಕಂಡಕ್ಟರ್‌ಗೆ ಹೇಳಿ. ಥಿಯೇಟರಿನಲ್ಲಾದರೆ ಅಲ್ಲಿನ ಸಿಬ್ಬಂದಿಗೆ. ಮೂರನೆಯವರು ಹೇಳಿದಾಗ ಫೋನಿನವನಿಗೂ ಮರ್ಯಾದೆ ಉಳಿಯುತ್ತದೆ. ಬೀದಿ ಜಗಳದಲ್ಲಿ ಜನ ಹೆಚ್ಚಾಗಿ ಕಾಪಾಡಿಕೊಳ್ಳಲು ಹೊರಡುವುದು ಅದನ್ನೇ.

ಲೈಸೆನ್ಸ್ ಇದ್ದರೆ ಏನು ಮಾಡಬಹುದು?

ಸಂವಿಧಾನದಲ್ಲಿ ಗನ್ ಇಟ್ಟುಕೊಳ್ಳುವ ಹಕ್ಕು ನಮಗಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಸರ್ಕಾರ ಕೊಡುವ ಅನುಮತಿ ಅದು, ಅಷ್ಟೇ. ಕನಿಷ್ಠ ವಯಸ್ಸು 21. ಪೊಲೀಸ್ ವರದಿ ಕಡ್ಡಾಯ. 2019ರ ತಿದ್ದುಪಡಿಯ ನಂತರ ಸಾಮಾನ್ಯವಾಗಿ ಒಬ್ಬರಿಗೆ ಎರಡೇ ಬಂದೂಕು, ಲೈಸೆನ್ಸ್ ಅವಧಿ ಐದು ವರ್ಷ. ಜೀವಕ್ಕೆ ಅಪಾಯವಾಗುವಂತೆ ನಿರ್ಲಕ್ಷ್ಯದಿಂದ ಅಥವಾ ಸಂಭ್ರಮಕ್ಕೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ನನ್ನ ದೃಷ್ಟಿಯಲ್ಲಿ ಮುಖ್ಯವಾದದ್ದು 17ನೇ ಕಲಂ. ಸಾರ್ವಜನಿಕ ಶಾಂತಿ, ಸುರಕ್ಷತೆಗೆ ಅಗತ್ಯ ಅನಿಸಿದರೆ ಪರವಾನಗಿ ಅಧಿಕಾರಿ ಲೈಸೆನ್ಸನ್ನು ಅಮಾನತು ಅಥವಾ ರದ್ದು ಮಾಡಬಹುದು. ಅದಕ್ಕೆ ಗುಂಡು ಹಾರುವ ತನಕ ಕಾಯಬೇಕಿಲ್ಲ. ಪಾರ್ಕಿಂಗ್ ಜಗಳದಲ್ಲಿ ಯಾರಾದರೂ ಸೊಂಟದ ಪಿಸ್ತೂಲು ತೋರಿಸಿದರೆ ಆ ಬಗ್ಗೆ ಲಿಖಿತ ದೂರು ಕೊಡಿ. ನಗರ ವ್ಯಾಪ್ತಿಯಲ್ಲಿ ಪೊಲೀಸ್ ಆಯುಕ್ತರಿಗೆ, ಹೊರಗೆ ಜಿಲ್ಲಾಧಿಕಾರಿಗೆ.

ಆತ್ಮರಕ್ಷಣೆ ಎಂದರೆ ಎಲ್ಲಿಯ ತನಕ?

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಂಗಳು ಖಾಸಗಿ ರಕ್ಷಣೆಯ ಹಕ್ಕನ್ನು ಹೇಳುತ್ತವೆ. 37ನೇ ಕಲಂ ಅದಕ್ಕೆ ಮಿತಿ ಹಾಕುತ್ತದೆ: ರಕ್ಷಣೆಗೆ ಬೇಕಾದಷ್ಟಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ. ಪೊಲೀಸರ ನೆರವು ಪಡೆಯಲು ಸಮಯ ಇದ್ದರೆ ಹಕ್ಕೇ ಇಲ್ಲ. ಬೈದದ್ದಕ್ಕೆ, ತಳ್ಳಿದ್ದಕ್ಕೆ ಗುಂಡು ಉತ್ತರವಲ್ಲ.

"ಸಿಟ್ಟಿನಲ್ಲಿ ಆಗಿ ಹೋಯಿತು" ಎಂಬ ವಾದಕ್ಕೂ ಮಿತಿ ಇದೆ. ನಾನಾವತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1961ರಲ್ಲೇ ಇದನ್ನು ಹೇಳಿತು. ಕೆರಳಿದ ಮೇಲೆ ರಿವಾಲ್ವರ್ ತರಲು ಹೋಗಿ ಬರುವಷ್ಟು ಹೊತ್ತು ಕಳೆದಿದ್ದರೆ ಅದು ಹಠಾತ್ ಪ್ರಚೋದನೆ ಅಲ್ಲ.

ಪೊಲೀಸರು ಏನೆಂದು ಬರೆದುಕೊಳ್ಳುತ್ತಾರೆ?

ಇಲ್ಲೇ ಬಹಳ ಜನ ಸೋಲುವುದು. ಉದ್ದೇಶಪೂರ್ವಕ ಅವಮಾನ (ಕಲಂ 352), ಸಾಮಾನ್ಯ ಹಲ್ಲೆ (ಕಲಂ 115(2)) ಇವೆರಡೂ ಅಸಂಜ್ಞೇಯ ಅಪರಾಧ. ಅಂದರೆ ಮ್ಯಾಜಿಸ್ಟ್ರೇಟ್ ಅನುಮತಿ ಇಲ್ಲದೆ ತನಿಖೆ ಇಲ್ಲ. "ಎನ್‌ಸಿ ಮಾಡಿದ್ದೇವೆ, ಹೋಗಿ" ಎಂದು ಠಾಣೆಯಲ್ಲಿ ಹೇಳುವುದು ಇದಕ್ಕೇ. ಆದರೆ ದಾರಿ ಅಡ್ಡಗಟ್ಟಿದ್ದರೆ 126(2), ಅಪಾಯಕಾರಿ ಆಯುಧದಿಂದ ಗಾಯ ಮಾಡಿದ್ದರೆ 118(1) ಇವೆ. ದೂರು ಬರೆಯುವಾಗ ಈ ವಿವರ ಬಿಡಬೇಡಿ. "ಜಗಳ ಆಯಿತು" ಎಂದು ಬರೆದರೆ ಜಗಳ ಅಂತಲೇ ದಾಖಲಾಗುತ್ತದೆ. ಎಫ್‌ಐಆರ್ ನಿರಾಕರಿಸಿದರೆ ಬಿಎನ್‌ಎಸ್‌ಎಸ್ 173(4)ರಡಿ ಮೇಲಧಿಕಾರಿಗೆ ಲಿಖಿತವಾಗಿ ಕಳುಹಿಸಬಹುದು. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್.

ದಾಖಲೆಯ ಪದ ಎಷ್ಟು ಮುಖ್ಯ ಎಂಬುದಕ್ಕೆ ಕುಡುಪು ಸಾಕ್ಷಿ. ಮೊದಲು ಅದು ಅಸಹಜ ಸಾವು ಎಂದು ದಾಖಲಾಯಿತು. ಮೈಮೇಲೆ ಹೊಡೆತದ ಗುರುತುಗಳಿದ್ದದ್ದು ಮರಣೋತ್ತರ ಪರೀಕ್ಷೆಯಲ್ಲಿ ತಿಳಿದ ಮೇಲೆ ಪ್ರಕರಣ 103(2)ಕ್ಕೆ, ಅಂದರೆ ಗುಂಪು ಹತ್ಯೆಗೆ ಬಂತು. ಕರ್ತವ್ಯಲೋಪಕ್ಕಾಗಿ ಇನ್‌ಸ್ಪೆಕ್ಟರ್ ಸೇರಿ ಮೂವರು ಪೊಲೀಸರು ಅಮಾನತಾದರು. ಸಮಾಜ ಸುಮ್ಮನಿದ್ದಿದ್ದರೆ ಆ ಮೊದಲ ಪದವೇ ಉಳಿಯುತ್ತಿತ್ತೋ ಏನೋ.

ವಿಡಿಯೊ ಮಾಡಬೇಕಾ, ಬೇಡವಾ?

ಮೊದಲು 112ಕ್ಕೆ ಕರೆ. ವಿಡಿಯೊ ಆಮೇಲೆ. ಸಾರ್ವಜನಿಕ ಸ್ಥಳದ ಹಲ್ಲೆಯನ್ನು ಚಿತ್ರೀಕರಿಸುವುದಕ್ಕೆ ತಡೆಯಿಲ್ಲ. ಆದರೆ ಮೂಲ ಫೈಲನ್ನು ಫೋನಿನಲ್ಲೇ ಉಳಿಸಿ, ಕತ್ತರಿಸಬೇಡಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಅದರ ಪ್ರತಿಯನ್ನು ಕೋರ್ಟಿಗೆ ಕೊಡುವಾಗ ಪ್ರಮಾಣಪತ್ರ ಬೇಕು. ವಾಟ್ಸಾಪ್‌ನಲ್ಲಿ ಹತ್ತು ಕೈ ದಾಟಿ ಬಂದ ತುಣುಕಿಗೆ ಅದನ್ನು ಕೊಡುವವರು ಯಾರು?

ಇನ್ನೊಂದು ಮಾತು. 2009ರ ಜನವರಿಯ ಪಬ್ ದಾಳಿ ಸಣ್ಣ ಜಗಳ ಅಲ್ಲ, ಸಂಘಟಿತ ದಾಳಿ. ಅದರ ದೃಶ್ಯಗಳನ್ನು ದೇಶವೇ ಟಿವಿಯಲ್ಲಿ ನೋಡಿತು. 2018ರಲ್ಲಿ ಮಂಗಳೂರಿನ ನ್ಯಾಯಾಲಯ ಸಾಕ್ಷ್ಯದ ಕೊರತೆಯಿಂದ ಆರೋಪಿಗಳನ್ನು ಖುಲಾಸೆ ಮಾಡಿತು. ವಿಡಿಯೊ ಎಷ್ಟೇ ವೈರಲ್ ಆಗಲಿ, ಕೋರ್ಟಿಗೆ ಬಂದು "ನಾನು ನೋಡಿದ್ದೇನೆ" ಎನ್ನುವ ಮನುಷ್ಯ ಬೇಕೇ ಬೇಕು.

ನಾವು ಕೇಳಬೇಕಾದದ್ದು

ಚುನಾವಣೆ ಬಂತೆಂದರೆ ಸುಳ್ಯ, ಪುತ್ತೂರು, ಬೆಳ್ತಂಗಡಿಯ ಕೃಷಿಕರು ಬೆಳೆ ರಕ್ಷಣೆಯ ಕೋವಿಯನ್ನು ಠೇವಣಿ ಇಡಬೇಕು. ಮಂಗ, ಹಂದಿ ತೋಟಕ್ಕೆ ನುಗ್ಗುತ್ತವೆ ಎಂದು ಅವರು ಪ್ರತಿ ಸಲ ಗೋಳು ಹೇಳುತ್ತಾರೆ, ಕೆಲವರು ಹೈಕೋರ್ಟಿಗೂ ಹೋಗಿದ್ದಾರೆ. ಅಂದರೆ ಶಾಂತಿಗಾಗಿ ಬಂದೂಕು ಹಿಂಪಡೆಯುವುದು ಆಡಳಿತಕ್ಕೆ ಗೊತ್ತಿಲ್ಲದ ಕೆಲಸವೇನಲ್ಲ. ಅದೇ ಆಡಳಿತ, ಕೈಕೆಳಗೆ ಹತ್ತು ಜನರನ್ನು ದುಡಿಸಿಕೊಳ್ಳುವ ಪೇಟೆಯ ಧಣಿಯ ಸೊಂಟದ ಪಿಸ್ತೂಲನ್ನು ವರ್ಷಕ್ಕೊಮ್ಮೆಯಾದರೂ ಪ್ರಶ್ನಿಸುತ್ತದೆಯೇ? ಆತ್ಮರಕ್ಷಣೆಗೆಂದು ಕೊಟ್ಟ ಲೈಸೆನ್ಸ್‌ಗಳ ಪೈಕಿ ಎಷ್ಟನ್ನು ಮರುಪರಿಶೀಲಿಸಿದ್ದೀರಿ, ಎಷ್ಟನ್ನು 17ನೇ ಕಲಂ ಅಡಿ ರದ್ದು ಮಾಡಿದ್ದೀರಿ ಎಂದು ಮಾಹಿತಿ ಹಕ್ಕಿನಡಿ ಯಾರು ಬೇಕಾದರೂ ಕೇಳಬಹುದು. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದೊಳಗೆ ಉತ್ತರ.

ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಳ್ಳಿ ಎಂದು ಜನರಿಗೆ ಬುದ್ಧಿ ಹೇಳುವುದು ಸುಲಭ, ಹೇಳಲೂ ಬೇಕು. ಆದರೆ ಮೋರ್ಗನ್ಸ್ ಗೇಟ್‌ನಲ್ಲಿ ಆ ದಿನ ಯಾರೂ ಸಭ್ಯತೆ ಮೀರಿ ಫೋನ್ ಬಳಸಿರಲಿಲ್ಲ. ಇದ್ದದ್ದು ಬಾಕಿ ಸಂಬಳ ಮತ್ತು ಸರ್ಕಾರದ ಮೊಹರು ಬಿದ್ದ ಒಂದು ಪಿಸ್ತೂಲು. ಮೊಹರು ಹಾಕಿದವರನ್ನೂ ನಾವು ಪ್ರಶ್ನಿಸಬೇಕು.